ಗೊತ್ತಿದ್ದೂ ಕೇಳುವ ಪ್ರಶ್ನೆ

ಮನೆಗೆ ನೆಂಟರು ಬಂದಾಗ ಹೊರನಾಡ ಕನ್ನಡಿಗರಾದ ನಾವು ತಪ್ಪದೆ ನಡೆಸುವ ಒಂದು ಪರೀಕ್ಷೆಯಿದೆ. ಒಳಗೆ ಆಡುತ್ತಿರುವ ಮಗುವನ್ನು ಕರೆದು ಬಂದವರ ಎದುರು ನಿಲ್ಲಿಸುತ್ತೇವೆ. “ಮಾಮನಿಗೆ ನಿನ್ನ ಹೆಸರೇನು ಹೇಳು. ನಮ್ಮ ಊರು ಯಾವುದು ಹೇಳು. ಅಪ್ಪ ಎಲ್ಲಿಗೆ ಹೋಗಿದ್ದಾರೆ? ಕನ್ನಡದಲ್ಲೇ ಹೇಳಬೇಕು ನೋಡು” ಎನ್ನುತ್ತೇವೆ. ಮಗು ಬಾಗಿಲಿನ ಪರದೆಯನ್ನು ತಿರುಚುತ್ತ, “ಅಪ್ಪ ಆಫೀಸಿಗೆ ಹೋಯಿತು” ಎನ್ನುತ್ತದೆ. ಎಲ್ಲರೂ ಗೊಳ್ಳನೆ ನಗುತ್ತಾರೆ. ಆ ನಗುವಿನಲ್ಲಿ ಕೆಡುಕಿಲ್ಲ, ಪ್ರೀತಿಯೇ ಇದೆ. ಆದರೂ ಮುಂದಿನ ಸಲ ನೆಂಟರು ಬಂದಾಗ ಆ ಮಗು ಬಚ್ಚಲುಮನೆಯಲ್ಲಿ ಅಡಗಿ ಕುಳಿತಿರುತ್ತದೆ. “ಈಗಿನ ಮಕ್ಕಳಿಗೆ ಭಾಷೆಯ ಅಭಿಮಾನವೇ ಇಲ್ಲ” ಎಂದು ನಾವು ನಿಟ್ಟುಸಿರು ಬಿಡುತ್ತೇವೆ.

ಆ ಮಗುವಿನ ಕಡೆಯಿಂದ ಒಮ್ಮೆ ಯೋಚಿಸೋಣ. ಅದರ ಹೆಸರು ಮಾಮನಿಗೆ ಗೊತ್ತು. ನಾಮಕರಣಕ್ಕೆ ಬಂದು ಉಂಡುಹೋದವರೇ ಅವರು. ಊರು ಯಾವುದೆಂಬುದೂ ಗೊತ್ತು, ಅಪ್ಪ ಎಲ್ಲಿಗೆ ಹೋಗಿದ್ದಾರೆಂಬುದೂ ಗೊತ್ತು. ಹಾಗಾದರೆ ಕೇಳುವುದೇಕೆ? ಉತ್ತರ ಯಾರಿಗೂ ಬೇಕಾಗಿಲ್ಲ. ಉತ್ತರಿಸುವ ರೀತಿಯನ್ನು ನೋಡುವುದಷ್ಟೇ ಅವರಿಗೆ ಬೇಕಾಗಿದೆ. ಮಕ್ಕಳು ಇದನ್ನು ಬಹು ಬೇಗ ಕಂಡುಕೊಳ್ಳುತ್ತಾರೆ. ತನ್ನ ಮಾತು ಯಾರಿಗೂ ಬೇಡ, ತನ್ನ ತಪ್ಪು ಮಾತ್ರ ಎಲ್ಲರಿಗೂ ಬೇಕು ಎಂದು ತಿಳಿದಮೇಲೆ ಯಾವ ಪ್ರಾಣಿ ತಾನೇ ಬಾಯಿ ತೆರೆದೀತು?

ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಯೇ ಬೇರೆ, ಗೊತ್ತಿಲ್ಲದೆ ಕೇಳುವ ಪ್ರಶ್ನೆಯೇ ಬೇರೆ. ಮೇಲುನೋಟಕ್ಕೆ ಇದು ಶಾಲಾಮಾಸ್ತರರ ವಿಚಾರವೆನಿಸೀತು. ನಮಗೇನೋ ಇದು ನೀತಿಯ ವಿಚಾರವೂ ಹೌದೆಂದು ತೋರುತ್ತದೆ. ಒಬ್ಬರಿಗೆ ಭಾಷೆ ಕಲಿಸುವುದೆಂದರೆ ಅವರ ಮಾತಿಗೆ ಕಿವಿಗೊಡುವ ಹೊಣೆಯನ್ನು ನಾವು ಹೊರುವುದು. ಆ ಹೊಣೆಯನ್ನು ಹೊರದೆ ಭಾಷೆಯನ್ನು ಮಾತ್ರ ಕಲಿಸುತ್ತೇವೆಂದರೆ ಆದೀತೇ?

ಈ ವ್ಯತ್ಯಾಸವನ್ನೇ ಹಿಡಿದು ಒಂದು ದೊಡ್ಡ ಪ್ರಯೋಗ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1979ರಿಂದ 1984ರವರೆಗೆ, ಐದು ವರ್ಷ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹಾಗೂ ಬ್ರಿಟಿಷ್ ಕೌನ್ಸಿಲಿನ ನೆರವಿನಿಂದ ಬೆಂಗಳೂರು, ಮದರಾಸು, ಕಡಲೂರುಗಳ ಕೆಲವು ಶಾಲೆಗಳಲ್ಲಿ ಇಂಗ್ಲಿಷನ್ನು ಹೊಸ ಬಗೆಯಲ್ಲಿ ಕಲಿಸಿ ನೋಡಿದರು. ಅದರ ಮುಂದಾಳು ಎನ್. ಎಸ್. ಪ್ರಭು. ಭಾಷಾಬೋಧನೆಯ ಶಾಸ್ತ್ರವನ್ನು ಓದುವವರಿಗೆ ಇದು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂಬ ಹೆಸರಿನಿಂದ ಪರಿಚಿತ. ಪ್ರಭು ಅವರು 1987ರಲ್ಲಿ ಪ್ರಕಟಿಸಿದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಪುಸ್ತಕದಲ್ಲಿ ಅದರ ವಿವರಗಳಿವೆ.

ಅದಕ್ಕೆ ಮುಂಚೆ ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಗಿತ್ತೆಂಬುದು ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಮಾಸ್ತರರು ಕೈಯಲ್ಲಿ ಪೆನ್ನು ಹಿಡಿದು “ಇದು ಏನು?” ಎನ್ನುವರು. ಇಡೀ ತರಗತಿ ಒಂದೇ ದನಿಯಲ್ಲಿ “ಇದು ಪೆನ್ನು” ಎನ್ನುವುದು. ಬಳಿಕ ಮಾಸ್ತರರು ಬಾಗಿಲಿನತ್ತ ನಡೆಯುತ್ತ “ನಾನು ಏನು ಮಾಡುತ್ತಿದ್ದೇನೆ?” ಎನ್ನುವರು. “ನೀವು ಬಾಗಿಲಿನತ್ತ ನಡೆಯುತ್ತಿದ್ದೀರಿ” ಎಂದು ನಾವು ಕೂಗುವೆವು. ಕಣ್ಣಿದ್ದವರೆಲ್ಲರಿಗೂ ಕಾಣುವುದನ್ನು ಹೀಗೆ ಕೂಗಿ ಹೇಳುವುದು ವಿಚಿತ್ರವೆಂದು ಆಗ ಯಾರಿಗೂ ಅನಿಸಲಿಲ್ಲ. ಸರಳ ವಾಕ್ಯದಿಂದ ಕಠಿಣ ವಾಕ್ಯಕ್ಕೆ ಒಂದೊಂದೇ ಮೆಟ್ಟಿಲು ಹತ್ತಿಸುವ ಕ್ರಮ ಅದು. ಮೆಟ್ಟಿಲುಗಳೇನೋ ಗಟ್ಟಿಯಾಗಿಯೇ ಇದ್ದವು. ಆದರೆ ಅವುಗಳನ್ನು ಹತ್ತಿ ಎಲ್ಲಿಗೆ ಹೋಗಬೇಕೆಂಬುದು ನಮಗೆ ತಿಳಿಯಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದು ಇಳಿದಾಗ, ಸಂದರ್ಶನದಲ್ಲಿ ನಮ್ಮನ್ನು ಯಾರೂ “ನಾನು ಏನು ಮಾಡುತ್ತಿದ್ದೇನೆ?” ಎಂದು ಕೇಳಲಿಲ್ಲ.

ಪ್ರಭು ಮತ್ತು ಅವರ ಜೊತೆಯವರು ಈ ಮೆಟ್ಟಿಲುಗಳನ್ನು ಬದಿಗಿರಿಸಿದರು. ಇಂತಿಂಥ ದಿನ ಇಂತಿಂಥ ವ್ಯಾಕರಣವೆಂಬ ಪಟ್ಟಿಯನ್ನೇ ಬಿಟ್ಟು, ಮಕ್ಕಳ ಮುಂದೆ ಒಂದು ರೈಲಿನ ವೇಳಾಪಟ್ಟಿಯನ್ನೋ, ಊರಿನ ನಕಾಶೆಯನ್ನೋ, ಮನೆಯ ನಕ್ಷೆಯನ್ನೋ ಇಟ್ಟರು. ಇಷ್ಟು ಹೊತ್ತಿಗೆ ಹೊರಟು ಅಷ್ಟು ಹೊತ್ತಿನೊಳಗೆ ತಲುಪಬೇಕಾದವನು ಯಾವ ಗಾಡಿ ಹಿಡಿಯಬೇಕು, ಏಕೆ ಎಂಬಂಥ ಪ್ರಶ್ನೆಗಳು. ಮೊದಲು ಅಂಥದೊಂದು ಸಮಸ್ಯೆಯನ್ನು ಮಾಸ್ತರರು ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತ ಬಿಡಿಸುವರು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸಬೇಕು. ಗುಣಗಳನ್ನು ಕೊಡುತ್ತಿದ್ದುದು ಸಮಸ್ಯೆಗೆ ಕಂಡ ಉತ್ತರಕ್ಕೆ. ಇಂಗ್ಲಿಷ್ ತಪ್ಪಿದ್ದರೂ ಉತ್ತರ ಸರಿಯಿದ್ದರೆ ಅದು ಸರಿಯೇ. ತಪ್ಪು ವಾಕ್ಯವನ್ನು ಹಿಡಿದು ನಿಲ್ಲಿಸಿ ಪಾಠ ಮಾಡುವುದರ ಬದಲು, ಮಾಸ್ತರರು ಅದನ್ನೇ ಸರಿಯಾದ ರೂಪದಲ್ಲಿ ಹೇಳಿ ಮುಂದೆ ಸಾಗುತ್ತಿದ್ದರು. ತಾಯಿ ತೊದಲುವ ಮಗುವಿನೊಡನೆ ಮಾಡುವುದೂ ಇದನ್ನೇ.

ಇದರ ಹಿಂದಿದ್ದ ನಂಬಿಕೆಯನ್ನು ಸರಳವಾಗಿ ಹೀಗೆ ಹೇಳಬಹುದು. ಮನಸ್ಸು ಅರ್ಥದ ಬೆನ್ನು ಹತ್ತಿರುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ. 1985ರಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ಇಬ್ಬರು ವಿದ್ವಾಂಸರು ಈ ಪ್ರಯೋಗದ ಮೌಲ್ಯಮಾಪನವನ್ನು ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಕಲಿತುದನ್ನು ಬೇರೊಂದು ಸಂದರ್ಭದಲ್ಲಿ ಬಳಸಿಕೊಳ್ಳುವ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಒಟ್ಟಿನಲ್ಲಿ ಪ್ರಯೋಗಕ್ಕೆ ಅವರದು ಎಚ್ಚರಿಕೆಯ ಬೆಂಬಲ. ಸ್ವತಃ ಪ್ರಭು ಅವರೇ 1990ರಲ್ಲಿ ಬರೆದ ಲೇಖನವೊಂದರಲ್ಲಿ, ಎಲ್ಲರಿಗೂ ಎಲ್ಲ ಕಾಲಕ್ಕೂ ಒಪ್ಪುವ ಶ್ರೇಷ್ಠ ಪದ್ಧತಿಯೆಂಬುದು ಇಲ್ಲವೆಂದರು. ಕಲಿಸುವವನಿಗೆ ತಾನು ಮಾಡುತ್ತಿರುವುದು ನಿಜವೆಂದು ಒಳಗಿನಿಂದ ಅನಿಸಬೇಕು, ಇಲ್ಲದಿದ್ದರೆ ಯಾವ ಪದ್ಧತಿಯೂ ಬರಿಯ ಯಾಂತ್ರಿಕ ಕ್ರಿಯೆಯಾಗುತ್ತದೆ ಎಂಬುದು ಅವರ ವಾದದ ಸಾರ. ತನ್ನ ಪ್ರಯೋಗವನ್ನೇ ಮಂತ್ರವಾಗಿ ಮಾರದ ಈ ಪ್ರಾಮಾಣಿಕತೆ ನಮಗೆ ಬಹಳ ಮೆಚ್ಚುಗೆಯಾಯಿತು.

ಹಾಗೆ ನೋಡಿದರೆ ಈ ತತ್ತ್ವವನ್ನು ಯಾವ ಪುಸ್ತಕವನ್ನೂ ಓದದೆ ಬದುಕಿ ತೋರಿಸಿದವರು ನಮ್ಮವರಲ್ಲಿಯೇ ಇದ್ದಾರೆ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಬಂದ ಹುಡುಗರನ್ನು ನೆನೆಯಿರಿ. ತುಳು, ಕನ್ನಡಗಳನ್ನು ಬಿಟ್ಟು ಬೇರೊಂದು ನುಡಿ ಅರಿಯದ ಹನ್ನೆರಡು-ಹದಿಮೂರರ ಹುಡುಗ ಟೇಬಲ್ ಒರೆಸುತ್ತ, ಗಿರಾಕಿ ಏನು ಕೇಳಿದನೆಂದು ಕಿವಿ ನಿಮಿರಿಸುತ್ತ, ಆರೆಂಟು ತಿಂಗಳಲ್ಲಿ ಹಿಂದಿ, ಮರಾಠಿ, ಗುಜರಾತಿಗಳ ನಡುವೆ ಈಜತೊಡಗುತ್ತಿದ್ದ. ಕೇಳಿದ್ದು ಒಂದು, ತಂದದ್ದು ಇನ್ನೊಂದು ಆದರೆ ಗಿರಾಕಿಯ ಬೈಗುಳ, ಗಲ್ಲಾದಲ್ಲಿ ಕುಳಿತ ಧಣಿಯ ಬೈಗುಳ ಎರಡೂ ಬೀಳುತ್ತಿದ್ದವು. ಅವನ ಕಷ್ಟವನ್ನು ನಾವು ಕೊಂಡಾಡಬೇಕಾಗಿಲ್ಲ. ಆ ವಯಸ್ಸಿನಲ್ಲಿ ಅವನು ಶಾಲೆಯಲ್ಲಿರಬೇಕಾಗಿತ್ತು. ಹಗಲೆಲ್ಲ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರೂ ಅವರಲ್ಲಿ ಅನೇಕರಿದ್ದಾರೆ. ಆದರೆ ಭಾಷೆ ಅವನಿಗೆ ಬಂದುದು ಅವನ ಮಾತು ಮತ್ತೊಬ್ಬರಿಗೆ ಬೇಕಾಗಿತ್ತೆಂಬ ಕಾರಣದಿಂದ ಎಂಬುದು ಮಾತ್ರ ನಿಜ.

ಆದರೆ ಇಲ್ಲಿ ಒಂದು ತೊಡಕಿದೆ. ವ್ಯವಹಾರದಿಂದ ಬಂದ ಭಾಷೆ ವ್ಯವಹಾರ ನಿಂತಲ್ಲಿಯೇ ನಿಲ್ಲುತ್ತದೆ. ಇದನ್ನು ನಮ್ಮ ಮೇಲೆಯೇ ಹೇಳಿಕೊಳ್ಳಬೇಕು. ಮಹಾರಾಷ್ಟ್ರದ ನೀರು ಕುಡಿದು ಮೂವತ್ತು ವರ್ಷಗಳಾದವು. ಭಾಜಿಯವಳೊಡನೆ ಚೌಕಾಸಿ ಮಾಡುವಷ್ಟು, ರಿಕ್ಷಾದವನಿಗೆ ದಾರಿ ತೋರಿಸುವಷ್ಟು ಮರಾಠಿ ನಮಗೆ ಮೊದಲನೆಯ ವರ್ಷವೇ ಬಂದಿತ್ತು. ಉಳಿದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅದು ಒಂದು ಗೇಣೂ ಬೆಳೆಯಲಿಲ್ಲ. ಕೆಲವು ವರ್ಷಗಳ ಹಿಂದೆ ಎದುರುಮನೆಯ ಮರಾಠಿ ತಾಯಿ ಗಂಡನನ್ನು ಕಳೆದುಕೊಂಡರು. ದಿನವೂ ಸಕ್ಕರೆ, ಕೊತ್ತಂಬರಿ ಕೊಟ್ಟು ತೆಗೆದುಕೊಳ್ಳುತ್ತಿದ್ದ ಮನೆ. ನಾವು ಹೋಗಿ ನಿಂತೆವು. ಹೇಳಲು ಒಂದು ಮಾತೂ ಬಾಯಿಗೆ ಬರಲಿಲ್ಲ. ನಮ್ಮಲ್ಲಿದ್ದ ಮರಾಠಿಯೆಲ್ಲ ಕಿಲೋ, ಪಾವ್‌ಕಿಲೋಗಳ ಮರಾಠಿ. ಆಕೆಯೇ ನಮ್ಮ ಕೈ ಹಿಡಿದು ಏನೋ ಹೇಳಿ ಅತ್ತರು. ಅದರಲ್ಲಿ ಅರ್ಧ ನಮಗೆ ತಿಳಿಯಲಿಲ್ಲ. ಮೂವತ್ತು ವರ್ಷಗಳಲ್ಲಿ ಆಕೆಗೆ ಸಂಬಂಧಿಸಿದ ಯಾವ ದೊಡ್ಡ ವಿಷಯವನ್ನೂ ನಾವು ಆಕೆಯಿಂದ ತಿಳಿಯಬಯಸಿರಲಿಲ್ಲ. ಭಾಷೆ ಬೆಳೆಯದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಾತು ಯಾವ ವಿಷಯದವರೆಗೆ ಹೋಗುತ್ತದೆಯೋ ಭಾಷೆಯೂ ಅಲ್ಲಿಯವರೆಗೇ ಹೋಗುತ್ತದೆ. ಎದುರುಮನೆಯಲ್ಲಿ ಕಂಡ ಈ ಸತ್ಯ ನಮ್ಮ ಮನೆಯೊಳಗಿನ ಕನ್ನಡಕ್ಕೂ ಸಲ್ಲುತ್ತದೆ ಎಂಬುದು ತಿಳಿದದ್ದು ಆ ಬಳಿಕ, ಅಜ್ಜಿ ಧಾರವಾಡದಿಂದ ಬಂದಾಗ.

ಅವರು ಬಂದದ್ದು ಚಿಕಿತ್ಸೆಗಾಗಿ. ಡಾಕ್ಟರರು ಮೂರು ಬಗೆಯ ಗುಳಿಗೆ ಬರೆದುಕೊಟ್ಟರು. ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಮನೆಯಲ್ಲಿ ದೊಡ್ಡವರೆಲ್ಲ ಕೆಲಸಕ್ಕೆ ಹೋಗುವವರು. ಮಧ್ಯಾಹ್ನ ಶಾಲೆಯಿಂದ ಬರುವವನು ಹನ್ನೊಂದು ವರ್ಷದ ಹುಡುಗನೊಬ್ಬನೇ. ಹೀಗಾಗಿ ಚೀಟಿ ಓದಿ ಅಜ್ಜಿಗೆ ಮಧ್ಯಾಹ್ನದ ಗುಳಿಗೆ ಹೇಳುವ ಕೆಲಸ ಅವನ ಪಾಲಿಗೆ ಬಂತು. ಮೊದಲ ದಿನ ಶನಿವಾರ. ನಾವು ಪಕ್ಕದ ಕೋಣೆಯಲ್ಲಿದ್ದು ಕೇಳಿಸಿಕೊಳ್ಳುತ್ತಿದ್ದೆವು.

“ಅಜ್ಜಿ, ಬಿಳಿ ಗುಳಿಗೆ ಊಟದ ಹಿಂದೆ.”

“ಹಿಂದ ಅಂದ್ರ? ಉಣ್ಣೂದಕಿಂತ ಮೊದಲೋ, ಉಂಡ ಮ್ಯಾಲೋ?”

“ಹಿಂದೆ ಅಜ್ಜಿ! ಊಟ ಮುಂದೆ ಹೋಯ್ತು, ಗುಳಿಗೆ ಅದರ ಹಿಂದೆ ಹೋಯ್ತು.”

“ಹಂಗಾರ ಉಂಡ ಮ್ಯಾಲೆ ಅನ್ನು. ಹಿಂದ ಅಂದ್ರ ನಾ ಮೊದಲ ನುಂಗತಿದ್ದೆ ನೋಡಪಾ!”

ಹುಡುಗ ಬೆಚ್ಚಿದ. “ಇಲ್ಲ ಇಲ್ಲ, ಉಂಡ ಮೇಲೆ, ಉಂಡ ಮೇಲೆ” ಎಂದು ಎರಡು ಸಲ ಹೇಳಿದ.

ಕನ್ನಡದಲ್ಲಿ ‘ಹಿಂದೆ’ ಎಂಬ ಮಾತು ಸ್ಥಳಕ್ಕೆ ಒಂದು ಅರ್ಥ, ಕಾಲಕ್ಕೆ ಇನ್ನೊಂದು ಅರ್ಥ ಕೊಡುತ್ತದೆ. ಒಬ್ಬನ ಹಿಂದೆ ಬಂದವನು ಆಮೇಲೆ ಬಂದವನು. ಆದರೆ ಹತ್ತು ವರ್ಷದ ಹಿಂದೆ ಎಂದರೆ ಮೊದಲು. ನಾವು ಎಷ್ಟೋ ಭಾನುವಾರಗಳಲ್ಲಿ ಅವನನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಟ್ಟಿದ್ದೆವು. ಈ ಸೂಕ್ಷ್ಮ ನಮಗೇ ಹೊಳೆದಿರಲಿಲ್ಲ. ಗುಳಿಗೆ ತಪ್ಪಿದರೆ ಅಜ್ಜಿಗೆ ಅಪಾಯವೆಂಬ ಭಯ ಅವನಿಗೆ ಒಂದು ಗಳಿಗೆಯಲ್ಲಿ ಅದನ್ನು ಕಲಿಸಿತು. ಮತ್ತೊಂದು ಸಂಗತಿಯನ್ನೂ ನಾವು ಗಮನಿಸಿದೆವು. ಅಜ್ಜಿ ನಗಲಿಲ್ಲ. ಅವರಿಗೆ ನಗುವ ಪುರುಸೊತ್ತಿರಲಿಲ್ಲ, ಅವರಿಗೆ ಉತ್ತರ ಬೇಕಾಗಿತ್ತು. ಪ್ರಭು ಅವರ ಪ್ರಯೋಗದ ಸಾರವೆಲ್ಲ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಮೂರು ಗುಳಿಗೆಗಳ ನಡುವೆ ಇತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಎರಡು ವಾರಗಳ ಮೇಲೆ ಒಂದು ರಾತ್ರಿ ಅಜ್ಜಿ ಮಲಗಿದ ಬಳಿಕ ಹುಡುಗ ನಮ್ಮ ಬಳಿ ಬಂದು ನಿಂತ. ಮೆಲ್ಲನೆ, ಕನ್ನಡದಲ್ಲಿ, ಕೇಳಿದ: “ಅಜ್ಜಿ ಸಾಯ್ತಾರಾ?”

ನಾವು ಏನು ಮಾಡಿದೆವು ಗೊತ್ತೇ? “ಡೋಂಟ್ ವರಿ, ಶಿ ವಿಲ್ ಬಿ ಫೈನ್. ಗೋ ಟು ಸ್ಲೀಪ್” ಎಂದೆವು. ಅವನು ಸುಮ್ಮನೆ ಹೊರಟುಹೋದ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆ ಹುಡುಗ ತನ್ನ ಆ ವಯಸ್ಸಿನ ಅತ್ಯಂತ ಭಾರವಾದ ಪ್ರಶ್ನೆಯನ್ನು ಕನ್ನಡದಲ್ಲಿ ಹೊತ್ತು ತಂದಿದ್ದ. ನಾವು ಅದನ್ನು ಇಳಿಸಿಕೊಳ್ಳಲಿಲ್ಲ. ಇಂಗ್ಲಿಷಿನ ಒಂದು ಸಿದ್ಧವಾಕ್ಯವನ್ನು ಕದದಂತೆ ಮುಚ್ಚಿಕೊಂಡೆವು. ಕನ್ನಡದಲ್ಲಿ ಉತ್ತರಿಸಬೇಕಾಗಿದ್ದರೆ ನಾವು ನಿಜ ಹೇಳಬೇಕಾಗುತ್ತಿತ್ತು, ನಮ್ಮ ಭಯವೂ ಅದರಲ್ಲಿ ಕಾಣುತ್ತಿತ್ತು. ಆಗ ಲೆಕ್ಕ ಹಾಕಿ ನೋಡಿದೆವು. ‘ಹಲ್ಲುಜ್ಜು, ಊಟ ಮಾಡು, ಬಾಗಿಲು ಹಾಕು, ಟೀವಿ ಆರಿಸು’ ಇವೆಲ್ಲ ನಮ್ಮ ಮನೆಯಲ್ಲಿ ಕನ್ನಡ. ಓದು, ಹಣ, ಮುಂದಿನ ಬದುಕು, ಕಾಯಿಲೆ, ಸಾವು ಇವು ಇಂಗ್ಲಿಷ್. ಚಿಕ್ಕ ಮಾತುಗಳನ್ನು ತಾಯ್ನುಡಿಗೆ, ದೊಡ್ಡ ಮಾತುಗಳನ್ನು ಪರನುಡಿಗೆ ಹಂಚಿಕೊಟ್ಟವರು ನಾವೇ. ಕನ್ನಡವೆಂದರೆ ಸಣ್ಣ ಮಕ್ಕಳಿಗೆ ಅಪ್ಪಣೆ ಕೊಡುವ ಭಾಷೆ, ದೊಡ್ಡವನಾಗುವುದೆಂದರೆ ಅದರಿಂದ ಹೊರಬೀಳುವುದು ಎಂದು ಹುಡುಗ ತಿಳಿದರೆ ತಪ್ಪು ಯಾರದು?

2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ ಜನ. ನಾವೂ ಅವರಲ್ಲಿ ಸೇರಿದ್ದೇವೆ. ಆ ಕಾಲಂ ತುಂಬಿಸುವಾಗ ನಮ್ಮ ಎದೆ ಉಬ್ಬಿತ್ತು. ಆದರೆ ಯಾವ ಯಾವ ಮಾತುಗಳನ್ನು ಆ ಭಾಷೆಯಲ್ಲಿ ಆಡುತ್ತೀರಿ ಎಂದು ಗಣತಿಯವರು ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ಇಲ್ಲಿ ಕೆಲವು ಆಕ್ಷೇಪಗಳು ಏಳುವುದು ಸಹಜ. ಮಾತಿನಿಂದಲೇ ಎಲ್ಲ ಆದೀತೇ? ಅಕ್ಷರ ಬೇಡವೇ, ವ್ಯಾಕರಣ ಬೇಡವೇ? ಕುವೆಂಪು, ಬೇಂದ್ರೆ, ಕಾರಂತರನ್ನು ಅಡುಗೆಮನೆಯ ಕನ್ನಡದಿಂದ ಓದಲಾದೀತೇ? ಆಗದು. ಅಕ್ಷರವನ್ನು ಕುಳಿತು ಕಲಿಸಲೇಬೇಕು, ತಪ್ಪನ್ನು ತಿದ್ದಲೇಬೇಕು. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ ಅನ್ಯಭಾಷಿಕ ಶಿಕ್ಷಕರಿಗೆ ಕನ್ನಡವೇ ಮೊದಲಾದ ಭಾಷೆಗಳನ್ನು ಕ್ರಮವಾಗಿ ಕಲಿಸುತ್ತ ಬಂದಿದೆ. ಕ್ರಮಕ್ಕೆ ತನ್ನದೇ ಆದ ಬೆಲೆಯಿದೆ. ನಮ್ಮ ಸಂಘಗಳು ಭಾನುವಾರ ನಡೆಸುವ ಕನ್ನಡ ತರಗತಿಗಳಿಗೂ ಆ ಬೆಲೆಯಿದೆ. ಆದರೆ ಕಲಿತ ಅಕ್ಷರದಿಂದ ಯಾರಿಗಾದರೂ ಏನನ್ನಾದರೂ ತಿಳಿಸಬೇಕಾಗಿ ಬರದಿದ್ದರೆ ಆ ಅಕ್ಷರ ದೀಪಾವಳಿಯ ತೋರಣದಂತೆ ನಾಲ್ಕು ದಿನದಲ್ಲಿ ಒಣಗುತ್ತದೆ. ಊರಿಗೆ ಮರಳಿದ ಅಜ್ಜಿಗೆ “ನೀವು ಬಿಟ್ಟುಹೋದ ಕನ್ನಡಕ ಸಿಕ್ಕಿದೆ, ಯಾರ ಕೈಯಲ್ಲಿ ಕಳಿಸಲಿ?” ಎಂದು ಬರೆದ ಎರಡು ಸಾಲು, ಕಾಪಿ ಬರೆದ ಇಪ್ಪತ್ತು ಪುಟಗಳಿಗೆ ಸಮ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಭಾಷೆ ಕಲಿಸಬೇಕೆಂಬ ಉದ್ದೇಶದಿಂದ ಅಗತ್ಯವನ್ನು ಹೂಡುವುದು ಸರಿಯೇ? ಗೊತ್ತಿಲ್ಲದವರಂತೆ ನಟಿಸಿ ಮಗುವಿನಿಂದ ಮಾತು ಹೊರಡಿಸುವುದೂ ಒಂದು ಬಗೆಯ ಸುಳ್ಳೇ ಅಲ್ಲವೇ? ಹೌದು, ಅದು ಸುಳ್ಳೇ. ಮಕ್ಕಳು ಅದನ್ನೂ ಹಿಡಿದುಬಿಡುತ್ತಾರೆ. ಆದರೆ ನಟಿಸುವ ಅಗತ್ಯವಾದರೂ ಏನಿದೆ? ನಮಗೆ ನಿಜವಾಗಿಯೂ ಗೊತ್ತಿಲ್ಲದ್ದು ಮಕ್ಕಳಲ್ಲಿ ಎಷ್ಟೊಂದಿದೆ! ಶಾಲೆಯಲ್ಲಿ ಅವನು ಯಾರ ಪಕ್ಕ ಕೂರುತ್ತಾನೆ, ಯಾರೊಡನೆ ಮಾತು ಬಿಟ್ಟಿದ್ದಾನೆ, ಏಕೆ ಬಿಟ್ಟಿದ್ದಾನೆ, ಅವನಿಗೆ ಯಾವುದರ ಹೆದರಿಕೆ, ನಮ್ಮ ಬಗ್ಗೆ ಅವನ ದೂರೇನು ಇವು ಯಾವುವೂ ನಮಗೆ ಗೊತ್ತಿಲ್ಲ. ಕೇಳುವುದಿಲ್ಲ, ಅದಕ್ಕೆ ಗೊತ್ತಿಲ್ಲ. ಕೇಳಿದರೆ ಉತ್ತರವನ್ನು ಸಹಿಸಿಕೊಳ್ಳಬೇಕಾಗುತ್ತದೆ. ನಿಜವಾದ ಪ್ರಶ್ನೆಯ ಕಷ್ಟ ಇರುವುದು ಅಲ್ಲಿಯೇ. ಪರೀಕ್ಷೆಯ ಪ್ರಶ್ನೆ ಉತ್ತರಿಸುವವನನ್ನು ಮಾತ್ರ ಅಳೆಯುತ್ತದೆ, ನಿಜವಾದ ಪ್ರಶ್ನೆ ಕೇಳಿದವನನ್ನೂ ಬದಲಿಸಿಬಿಡಬಹುದು.

ಕೊನೆಗೆ ಮೂಲ ಪ್ರಶ್ನೆಯೇ ಉಳಿಯುತ್ತದೆ. ಮಹಾನಗರದಲ್ಲಿ ಹುಟ್ಟಿ ಬೆಳೆದ ಮಗುವಿನಿಂದ ಕನ್ನಡವನ್ನು ಸಾಲದಂತೆ ವಸೂಲು ಮಾಡುವ ಹಕ್ಕು ನಮಗಿದೆಯೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಊರು ಬಿಟ್ಟುಬರುವ ನಿರ್ಧಾರ ನಮ್ಮದು, ಇಂಗ್ಲಿಷ್ ಶಾಲೆಗೆ ಸೇರಿಸಿದ ನಿರ್ಧಾರವೂ ನಮ್ಮದು. ಸಾಲಗಾರರು ಯಾರಾದರೂ ಇದ್ದರೆ ನಾವು. ನಮ್ಮ ಹಿರಿಯರು ನಮಗೆ ಕನ್ನಡದಲ್ಲಿ ಕೊಟ್ಟದ್ದು ಬರಿಯ ಪದಗಳನ್ನಲ್ಲ. ಬರಗಾಲದ ಸುದ್ದಿ, ಜಗಳ, ಸಾಲ, ಸಾವು, ದೇವರು ಎಲ್ಲವನ್ನೂ ಅವರು ಆ ಭಾಷೆಯಲ್ಲಿಯೇ ನಮ್ಮ ಮುಂದೆ ಇಟ್ಟರು. ಅದನ್ನು ನಮ್ಮ ಮಕ್ಕಳ ಮುಂದೆ ಇಡಬೇಕಾದದ್ದು ನಮ್ಮ ಋಣ. ಇಟ್ಟಮೇಲೆ ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಹುಡುಗನ ಪ್ರಶ್ನೆಗೆ ನಾವು ಕೊಡದ ಉತ್ತರವನ್ನು ಮರುದಿನ ಅಜ್ಜಿಯೇ ಕೊಟ್ಟರು. ಅವನು ಅವರನ್ನೇ ನೇರವಾಗಿ ಕೇಳಿಬಿಟ್ಟಿದ್ದ. “ಎಲ್ಲಾರೂ ಒಂದಿನ ಹೋಗಾವ್ರ, ನಾನೂ ಹೋಗಾಕಿ. ಈಗ ಅಲ್ಲ. ಈಗ ಗುಳಿಗಿ ಕೊಡು” ಎಂದರಂತೆ. ಹುಡುಗ ಗುಳಿಗೆ ಕೊಟ್ಟು, “ಉಂಡ ಮೇಲೆ, ಅಜ್ಜಿ” ಎಂದು ನೆನಪಿಸಿ ಆಡಲು ಹೋದನಂತೆ. ಅವನಿಗೆ ಬೇಕಾಗಿದ್ದುದು ಅಷ್ಟೇ ಇರಬೇಕು.

ಈಗ ನಮ್ಮ ಮನೆಗೆ ನೆಂಟರು ಬಂದರೆ ಮಕ್ಕಳನ್ನು ಕರೆದು ನಿಲ್ಲಿಸಿ ಹೆಸರು ಕೇಳುವುದನ್ನು ಬಿಟ್ಟಿದ್ದೇವೆ. ಬಂದವರು ಊರಿನಿಂದ ಯಾವ ಗಾಡಿಗೆ ಬಂದರು, ದಾರಿಯಲ್ಲಿ ಏನಾಯಿತು, ಎಷ್ಟು ದಿನ ಇರುತ್ತಾರೆ, ಬಾಡಿಗೆ ರಿಕ್ಷಾದವನು ಎಷ್ಟು ಕಿತ್ತುಕೊಂಡ ಎಂಬುದನ್ನೆಲ್ಲ ಕೇಳಿ ಅಡುಗೆಮನೆಗೆ ತಿಳಿಸುವ ಕೆಲಸ ಹುಡುಗನದು. ಮೊನ್ನೆ ಬಂದು, “ಮಾಮ ರಾತ್ರಿ ಊಟ ಮಾಡಲ್ವಂತೆ, ಹೊಟ್ಟೆ ಸರಿ ಇಲ್ಲವಂತೆ, ಮಜ್ಜಿಗೆ ಸಾಕಂತೆ” ಎಂದ. ‘ಅಂತೆ’ ಎಂಬುದನ್ನು ಅವನಿಗೆ ಯಾರು ಯಾವಾಗ ಕಲಿಸಿದರೋ ನಮಗೆ ತಿಳಿಯದು. ಹೆಚ್ಚು ವಿಚಾರಿಸದೆ ಮಜ್ಜಿಗೆ ಕಡೆಯಲು ಹೊರಟೆವು.